ಈರಣ್ಣ ಸ್ವಾಮಿ ಮಗಳ ಹಾಡನ್ನು ಮರಳಿ ಕೊಟ್ಟದ್ದು

ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ನನ್ನ ಮಗಳು ಪಾರ್ವತಿಯ ದನಿ ಹೋಯಿತು. ಆದೋನಿಯ ನಾಟಕ ಕಂಪನಿ ಸೇರಿ ಆಕೆಗೆ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ಎಮ್ಮಿಗನೂರಿನಲ್ಲಿ ನೇಯುವವರು, ಭಜನೆ ಹಾಡುವವರು. ಮಗಳು ಸಂಗೀತವನ್ನು ಶಾಸ್ತ್ರವಾಗಿ ಕಲಿಯಲೆಂದು ಚಿಕ್ಕಂದಿನಲ್ಲೇ ಗುರುಗಳ ಬಳಿ ಬಿಟ್ಟಿದ್ದರು. ಕಂಪನಿಯಲ್ಲಿ ಕೊನೆಯ ಸಾಲಿಗೂ ಕೇಳಬೇಕೆಂದು ಏರುಶ್ರುತಿಯಲ್ಲೇ ಹಾಡಬೇಕು. ಜ್ವರದಲ್ಲೂ ಹಾಡಿದಳು. ಒಂದು ಆಟದಲ್ಲಿ ಪದದ ನಡುವೆಯೇ ದನಿ ಒಡೆದು, ಮಾತೂ ನಿಂತಿತು.

ಊರಿಗೆ ಬಂದವಳನ್ನು, ಪೆಟ್ರೋಲಿಲ್ಲದ ಆ ದಿನಗಳ ಇದ್ದಿಲಿನ ಬಸ್ಸಿನಲ್ಲಿ ಆದೋನಿಗೆ, ಅಲ್ಲಿಂದ ರೈಲಿನಲ್ಲಿ ಬಳ್ಳಾರಿ ಆಸ್ಪತ್ರೆಗೆ ಕರೆದೊಯ್ದೆ. ಬಸ್ಸು ಏರು ಹತ್ತದೆ ನಿಂತಾಗ ಯಾರೋ ಪುಣ್ಯಾತ್ಗಿತ್ತಿ ಆಕೆಗೆ ಮಜ್ಜಿಗೆ ಕೊಟ್ಟಳು. ಅದೂ ಸ್ವಾಮಿಯ ದಯೆಯೇ. ಮಾತು ಬರುತ್ತದೆ, ಹಾಡಿನದು ಹೇಳಲಾರೆ ಎಂದರು ಡಾಕ್ಟರರು.

ಮಾತು ಬಂತು. ದಿನಾ ಬೆಳಿಗ್ಗೆ ಶ್ರುತಿಪೆಟ್ಟಿಗೆಯನ್ನು ಕಂಪನಿಯ ಏರುಶ್ರುತಿಗೇ ಇಟ್ಟುಕೊಂಡು ಕೂಡುವಳು. ಎರಡು ಸ್ವರಕ್ಕೇ ಗಂಟಲು ಕಟ್ಟುತ್ತಿತ್ತು. ಅಷ್ಟರಲ್ಲಿ ಯಜಮಾನರು ಎದೆರೋಗದಿಂದ ಹಾಸಿಗೆ ಹಿಡಿದರು. ಆಕೆಯ ಹಾಡು ಒಮ್ಮೆ ಕೇಳಿ ಹೋಗುತ್ತೇನೆ ಅನ್ನುತ್ತಿದ್ದರು. ಶ್ರಾವಣದಲ್ಲಿ ನಾನು ಉರುಕುಂದದ ಈರಣ್ಣ ಸ್ವಾಮಿಯ ಗುಡಿಗೆ ನಡೆದು ಹೋಗಿ ಅದನ್ನೇ ಬೇಡಿದೆ. ಬಂದ ವಾರದಲ್ಲೇ ಅವರು ತೀರಿಕೊಂಡರು. ಸ್ವಾಮಿಗೆ ನನ್ನ ಮಾತು ಮುಟ್ಟಲೇ ಇಲ್ಲ ಅಂದುಕೊಂಡೆ.

ನಮ್ಮಲ್ಲಿ ಹೆಣ ಎತ್ತುವ ತನಕ ಭಜನೆಯವರು ಕೂತು ಹಾಡುತ್ತಾರೆ. ಹೊಳಗುಂದದಿಂದ ನಾದಿನಿ ಬರಲೆಂದು ಕಾಯುತ್ತಿದ್ದೆವು. ಯಜಮಾನರ ಗೆಳೆಯ ಹುಸೇನಪ್ಪನವರು ಹಾರ್ಮೋನಿಯಂ ಮುಂದೆ ಕೂತು, ಯಜಮಾನರಿಗೆ ಒಗ್ಗಿದ್ದ ತಗ್ಗಿನ ಶ್ರುತಿಯನ್ನೇ ಹಿಡಿದರು.

“ನೀನೂ ಪದ ಎತ್ತವಾ ಪಾರ್ವತಿ.”

“ನಂಗ ಬರಂಗಿಲ್ಲ ಕಾಕಾ.”

“ನಿಮ್ಮಪ್ಪಗ ಏನ್ ಭಾರಿ ಬರ್ತಿತ್ತು? ಕೋಣ ಒದರಿದಂಗ ಹಾಡ್ತಿದ್ದ. ಅಂವ ಎತ್ತತಿದ್ದ ಶ್ರುತಿಗೇ ಎತ್ತು.”

ಅಳುತ್ತಿದ್ದವರೂ ನಕ್ಕರು. ಪಾರ್ವತಿ ಎತ್ತಿದಳು. ದನಿ ಒಡೆಯಲಿಲ್ಲ. ಗೊಗ್ಗರಾಗಿ, ತಗ್ಗಿನಲ್ಲಿ, ಆದರೆ ಪೂರ್ತಿ ಬಂತು. ಕಂಪನಿ ಹಿಡಿದ ಶ್ರುತಿಯನ್ನು ಕಲಾವಿದರು ಇಳಿಸಬಾರದೆಂದು ಆಕೆ ಇಷ್ಟು ತಿಂಗಳು ಆ ಪೆಟ್ಟಿಗೆಯ ಶ್ರುತಿಯನ್ನು ತಗ್ಗಿಸಿಯೇ ಇರಲಿಲ್ಲ. ಯಜಮಾನರ ಹೆಣ ಎತ್ತಿದಾಗಲೂ ಆಕೆ ಹಾಡುತ್ತಲೇ ಇದ್ದಳು.

ಈಗ ಕಂಪನಿಯವರು ಆಕೆಗಾಗಿ ಶ್ರುತಿ ಇಳಿಸುತ್ತಾರೆ. ರಾಣಿಯ ಪಾತ್ರ ಹೋಯಿತು. ಮದುವೆಯಾಗದ ಹುಡುಗಿಗೆ ತಾಯಿಯ ಪಾತ್ರಗಳು. ಹಾಡಂತೂ ಐದಾರು ಇರುತ್ತವೆ. ಅಷ್ಟೂ ದಯೆಯೇ.

ಯಜಮಾನರು ಕೇಳಿದರೋ ಇಲ್ಲವೋ ನಾನರಿಯೆ. ಬೇಡಿದ್ದನ್ನು ಸ್ವಾಮಿ ತಡವಾಗಿ ಕೊಟ್ಟ. ಕೊಟ್ಟದ್ದನ್ನು ಇಲ್ಲವೆಂದರೆ ನನ್ನ ನಾಲಿಗೆ ಸೇದಿಹೋದೀತು. ಅಕ್ಕತಂಗಿಯರೇ, ಸೋಮವಾರ ಸ್ವಾಮಿಗೆ ದೀಪ ಹಚ್ಚುವಾಗ ನನಗೆ ಮೊದಲು ಅಳು ಬರುತ್ತದೆ. ಅತ್ತು, ಆಮೇಲೆ ಕೈ ಮುಗಿಯುತ್ತೇನೆ.