ಬಾವಿ ಕಾಣುವಷ್ಟು ದೂರದಲ್ಲಿ

ಅತ್ತೆಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ರಾಗಿ ಕೊಯ್ಯುವಾಗ ಕುಡುಗೋಲು ತಗುಲಿ, ಆಮೇಲೆ ಎರಡು ಹೋಳಾಗಿಯೇ ಬೆಳೆದ ಉಗುರು. ಆ ಹೆಬ್ಬೆರಳಿನಿಂದಲೇ ಅವಳು ನಮ್ಮಪ್ಪನನ್ನು ದಿನಾ ಸಾಯಿಸುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಸಿಂಗಾಪುರವೆಂಬ ನಮ್ಮ ಹಳ್ಳಿಯ ತವರಿಗೆ ಬಂದು ಹೊಲ ನೋಡಿಕೊಂಡಿದ್ದಳು. ಅಪ್ಪ ಅದನ್ನು ಲೇಔಟ್‌ನವರಿಗೆ ಮಾರಿದಾಗ ರಾಗಿ ಕೊಯ್ಲಿಗೆ ಬಂದಿತ್ತು. "ಕೊಯ್ಲಾಗೋಗಂಟ ತಡ್ಕಳೋ" ಎಂದು ಅಂಗಲಾಚಿದಳು. ಅಪ್ಪ ತಡೆಯಲಿಲ್ಲ. ತೆನೆ ತೂಗುತ್ತಿದ್ದ ಹೊಲದ ಮೇಲೆ ಬುಲ್ಡೋಜರ್ ಓಡಿತು. ಅಂದಿನಿಂದ ಅವಳು ತಮ್ಮನ ಜೊತೆ ಮಾತು ಬಿಟ್ಟಳು. ಅದೇ ದುಡ್ಡಿನಲ್ಲಿ ಎದ್ದ ಮನೆಯ ಕೆಳಗಿನ ಕೋಣೆಯಲ್ಲಿದ್ದಳು, ಅಪ್ಪನಿಗೆ ಏನಾದರೂ ಹೇಳಬೇಕಾದರೆ ಅವನು ಎದುರಿಗೇ ಕೂತಿದ್ದರೂ ನನಗೆ ಹೇಳುತ್ತಿದ್ದಳು.

ನಾನಾಗ ಒಂದು ಜಾಲತಾಣಕ್ಕೆ ವಿಡಿಯೊ ಗೇಮ್‌ಗಳ ವಿಮರ್ಶೆ ಬರೆಯುತ್ತಿದ್ದೆ. ಟಿವಿ ಇದ್ದದ್ದು ಅತ್ತೆಯ ಕೋಣೆಯಲ್ಲಿ, ಹಾಗಾಗಿ ಆಡುವುದೂ ಅಲ್ಲೇ. ಆ ಸಲ ಬಂದದ್ದು ಪ್ರಳಯವಾದ ಮೇಲಿನ ಲೋಕದ ಆಟ. ಊರುಗಳೆಲ್ಲ ಬೂದಿಯಾಗಿವೆ, ಉಳಿದ ಒಬ್ಬ ಮನುಷ್ಯನನ್ನು ನಾವು ನಡೆಸಬೇಕು. ಮೊದಲು ಅವನ ಮುಖವನ್ನು ನಾವೇ ತಿದ್ದಿ ಮಾಡಬೇಕು. ಅತ್ತೆ ಹತ್ತಿರ ಬಂದು ಕೂತಳು.

"ಮೂಗು ಇನ್ನೂ ಚಪ್ಟೆ ಮಾಡೇ. ಗದ್ದಕ್ಕೊಂದು ಮಚ್ಚೆ ಇಕ್ಕು. ಆ ಕಣ್ಣು ವಸಿ ಸಣ್ಣಕ್ಕೆ. ಆಂ, ಇಂಗೆ!"

ಪರದೆಯ ಮೇಲೆ ಅಪ್ಪ ನಿಂತಿದ್ದ. ನನಗೆ ನಗು ಬಂತು. ಅತ್ತೆ ನಗಲಿಲ್ಲ, ಆಟ ಆಡಿಸುವ ರಿಮೋಟಿಗೆ ಕೈ ಚಾಚಿದಳು.

ಒಂದು ವಾರದಲ್ಲಿ ನನಗಿಂತ ಚೆನ್ನಾಗಿ ಆಡತೊಡಗಿದಳು. ನಿಜಕ್ಕೂ ಒಳ್ಳೆಯ ಆಟ ಅದು. ದೂರದಲ್ಲಿ ಕಾಣುವ ಗುಡ್ಡಕ್ಕೆ ಬೇಕೆಂದರೆ ನಡೆದೇ ಹೋಗಬಹುದು, ಎಲ್ಲೂ ಬೇಲಿಯಿಲ್ಲ. ಹಸಿವು, ಬಾಯಾರಿಕೆ ಎರಡೂ ಆ ಮನುಷ್ಯನನ್ನು ಕೊಲ್ಲುತ್ತವೆ. ಅತ್ತೆಗೆ ಬೇಕಾಗಿದ್ದದ್ದು ಅಷ್ಟೇ. ಅಪ್ಪನ ಮುಖದವನನ್ನು ಉಪ್ಪಿನ ಬಯಲಿಗೆ ಕರೆದೊಯ್ದು, ನೀರು ಕುಡಿಸದೆ ಬೀಳಿಸುತ್ತಿದ್ದಳು. ಕೊನೆಗೆ ಉಳಿಸಿಟ್ಟ ಕಡೆಯಿಂದ ಆಟ ಅವನನ್ನು ಮತ್ತೆ ಎಬ್ಬಿಸುತ್ತಿತ್ತು. ಅವಳು ಮತ್ತೆ ಬಯಲಿಗೆ ನಡೆಸುತ್ತಿದ್ದಳು.

ಕೊರತೆಗಳೂ ಇದ್ದವು. ಆಟದೊಳಗಿನ ಜನ ಹೇಳಿದ್ದನ್ನೇ ಹೇಳುತ್ತಾರೆ. ಇವತ್ತು ನಾವು ಅವರ ಮನೆ ದೋಚಿದರೆ ನಾಳೆ ನಗುತ್ತ ನಮಸ್ಕಾರ ಅನ್ನುತ್ತಾರೆ. "ಥೂ, ಮಾನಗೆಟ್ಟೋವು" ಎಂದು ಅತ್ತೆ ಉಗಿದಳು. ಎಲ್ಲಕ್ಕಿಂತ ದೊಡ್ಡ ಕೊರತೆ, ಆಡಿದಷ್ಟನ್ನು ಉಳಿಸಿಡಲು, ಅಂದರೆ ಸೇವ್ ಮಾಡಲು, ಇರುವುದು ಒಂದೇ ಜಾಗ. ಸಾಯುವ ಗಳಿಗೆಯಲ್ಲಿ ಉಳಿಸಿಬಿಟ್ಟರೆ ಹಿಂದಿನದು ಅಳಿಸಿಹೋಗುತ್ತದೆ, ಮತ್ತೆ ಯಾವಾಗ ತೆರೆದರೂ ಅದೇ ಸಾವು. ವಿಮರ್ಶೆಯ ಈ ಭಾಗ ಓದಿ ಹೇಳಿದಾಗ ಅತ್ತೆ ನನ್ನನ್ನು ಪೆದ್ದಿಯಂತೆ ನೋಡಿದಳು.

"ಅದ್ರಲ್ಲಿ ನ್ಯಾಯವಾಗಿರೋದು ಅದೊಂದೇ ಕಣೇ."

ಒಂದು ಸಂಜೆ ಅಪ್ಪ ಏನೋ ಕೇಳಲು ಕೆಳಗೆ ಬಂದವನು ಟಿವಿಯಲ್ಲಿ ತನ್ನನ್ನೇ ಕಂಡ. ಪರದೆಯ ಮೇಲಿನವನು ತುಟಿ ಒಡೆದು ಬಯಲಲ್ಲಿ ತೂರಾಡುತ್ತಿದ್ದ. ಆಚೆ ಒಂದು ಬಾವಿ ಕಾಣುತ್ತಿತ್ತು.

"ಅಕ್ಕಾ, ಬಾವಿ ಅಲ್ಲೇ ಇದ್ಯಲ್ಲ. ಕುಡ್ಸು" ಎಂದ.

ಅತ್ತೆ ಪರದೆಯಿಂದ ಕಣ್ಣು ಕೀಳದೆ ನನಗೆ ಹೇಳಿದಳು: "ಕೊಯ್ಲಾಗೋಗಂಟ ತಡ್ಕಳಕ್ಕೇಳು ನಿಮ್ಮಪ್ಪಂಗೆ."

ಟಿವಿಯಲ್ಲಿದ್ದವನು ಬಿದ್ದ. ಅಪ್ಪ ಹೊರಟುಹೋಗುತ್ತಾನೆಂದುಕೊಂಡೆ. ಬೆಂಚಿನ ತುದಿಯಲ್ಲಿ ಕೂತುಬಿಟ್ಟ. ಅಂದಿನಿಂದ ಸಂಜೆ ಕಾಫಿ ಕುಡಿದು ಕೆಳಗೆ ಬರುವುದು, ತನ್ನ ಸಾವು ನೋಡಿ ಮೇಲೆ ಹೋಗುವುದು ಅವನ ರೂಢಿಯಾಯಿತು. ಅವನು ಬಂದು ಕೂರುವವರೆಗೆ ಅತ್ತೆ ಆಟ ಶುರು ಮಾಡುತ್ತಿರಲಿಲ್ಲ. ನೋಡಲಿ ಎಂದೇ ಕಾಯುತ್ತಿದ್ದಳು.

ಅಪ್ಪ ಎದೆನೋವಿನಿಂದ ಹಠಾತ್ತನೆ ಹೋದ. ಅಂಗಳದಲ್ಲಿ ಮಲಗಿಸಿದಾಗ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಟ್ಟೆವು. "ಅಕ್ಕ ಬನ್ನಿ, ಒಡಹುಟ್ಟಿದೋರು ಬಿಡ್ಬೇಕು" ಎಂದು ಯಾರೋ ಲೋಟ ಕೊಡಲು ಹೋದರು. ಅತ್ತೆ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತೇ ಇದ್ದಳು. ನನಗೆ ಅವಳನ್ನು ಹೊಡೆಯಬೇಕೆನ್ನಿಸಿತು.

ಕಾರ್ಯವೆಲ್ಲ ಮುಗಿದ ಮೇಲೆ ಒಮ್ಮೆ ಬಾಗಿಲು ಹಾಕಿಕೊಂಡು ಒಬ್ಬಳೇ ಆಡಿದಳು. ಹೊರಗೆ ಬಂದು ರಿಮೋಟನ್ನು ನನ್ನ ಕೈಗಿತ್ತು, "ಮುಗೀತು, ಎತ್ತಿಡು" ಎಂದಳು. ಮತ್ತೆ ಮುಟ್ಟಲಿಲ್ಲ. ಮುಂದಿನ ವರ್ಷ ಅವಳೂ ಹೋದಳು. ಅವಳ ಬಾಯಿಗೆ ನಾನು ನೀರು ಬಿಟ್ಟೆ.

ಎಷ್ಟೋ ದಿನಗಳ ಮೇಲೆ ಆಟ ತೆರೆದೆ. ಫೋಟೊದಲ್ಲಿ ಅಪ್ಪ ಉಸಿರಾಡುವುದಿಲ್ಲ, ಅಲ್ಲಿ ಉಸಿರಾಡುತ್ತಾನೆ ಎಂಬ ಆಸೆ. ಅವನು ಉಪ್ಪಿನ ಬಯಲಲ್ಲಿ, ಬಾವಿಗೆ ಮುಖ ಮಾಡಿ ನಿಂತಿದ್ದ. ಜೀವ ಎಳೆಯಷ್ಟೇ ಉಳಿದಿತ್ತು. ಅತ್ತೆ ಆ ಗಳಿಗೆಯಲ್ಲೇ ಉಳಿಸಿ ಹೋಗಿದ್ದಳು. ಕೈತಪ್ಪಿ ಆಗಿರಬಹುದು ಎಂದು ತಂಗಿ ಹೇಳುತ್ತಾಳೆ. ನನ್ನತ್ತೆಯ ಹೆಬ್ಬೆರಳು ತಪ್ಪುವಂಥದ್ದಲ್ಲ.

ಅಳಿಸಿಬಿಡಬೇಕು ಎಂದುಕೊಳ್ಳುತ್ತೇನೆ. ಆಮೇಲೆ ಅಪ್ಪನ ಮುಖ ನೋಡಬೇಕೆನ್ನಿಸಿ ತೆರೆಯುತ್ತೇನೆ, ತೆರೆದ ಕೂಡಲೇ ಬಾವಿಯ ಕಡೆ ಓಡಿಸುತ್ತೇನೆ. ಒಂದು ಸಲವೂ ತಲುಪಿಲ್ಲ. ಬಾವಿಯ ಕಟ್ಟೆ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಬೀಳುತ್ತಾನೆ.