ಜಾರದ ಬೆಣೆ

ಬೆಣೆ ಜಾರಲಿಲ್ಲ. ಆ ಭಾನುವಾರ ಬೋಗಿಯ ಗಾಲಿಗೆ ನಾನು ಬೆಣೆಯನ್ನು ಕೊಟ್ಟೇ ಇರಲಿಲ್ಲ. ಕೊಟ್ಟೆ ಎಂದು ಕೂಗಿದೆ — ಕೊಟ್ಟಿರಲಿಲ್ಲ. ಕಿಟ್ಟಣ್ಣನ ಕಾಲು ಹೋದದ್ದು ನನ್ನಿಂದ. ಪುಟ್ಟಸ್ವಾಮಾಚಾರ್ರು ಉಳಿ ಕೆಳಗಿಟ್ಟದ್ದೂ ನನ್ನಿಂದ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕೆ.

ನನ್ನ ಹೆಸರು ನಾಗರಾಜ. ಪಾಂಡವಪುರದಿಂದ ನಾಗಮಂಗಲಕ್ಕೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಕಂಡಕ್ಟರನ ಬಾಯಿ ಎಂಥದ್ದು ಎಂದು ನಿಮಗೇ ಗೊತ್ತು — ಕಣ್ಣು ನೋಡುವುದಕ್ಕೆ ಮುಂಚೆಯೇ ‘ರೈಟ್ ರೈಟ್’ ಎಂದುಬಿಡುತ್ತದೆ. ಮುದುಕಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಿರುತ್ತಾಳೆ, ಇನ್ನೊಂದು ಕಾಲು ರಸ್ತೆಯಲ್ಲೇ ಇರುತ್ತದೆ, ನಮ್ಮ ಬಾಯಿ ಆಗಲೇ ರೈಟ್ ಹೇಳಿ ಮುಗಿಸಿರುತ್ತದೆ. ಅದನ್ನೊಂದು ಜಾಣತನ ಎಂದುಕೊಂಡಿದ್ದವನು ನಾನು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮೀಟರ್ ಗೇಜಿನ ಚಿಕ್ಕ ಹಳಿ ಕಿತ್ತು ಬ್ರಾಡ್ ಗೇಜಿನ ದೊಡ್ಡ ಹಳಿ ಹಾಕಿದರು. ಎಲ್ಲರಿಗೂ ಸಂತೋಷವೇ. ಆದರೆ ಹಳೆಯ ಸಾಮಾನೆಲ್ಲ ಗುಜರಿ ಅಂಗಡಿಯ ದಾರಿ ಹಿಡಿಯಿತು — ಕೈದೀಪ, ಸಿಗ್ನಲ್ ಕಂಬ, ಸ್ಟೇಷನ್ನಿನ ಗಂಟೆ, ಟಿಕೆಟ್ಟಿಗೆ ತಾರೀಖು ಒತ್ತುವ ಯಂತ್ರ. ನನ್ನಪ್ಪ ಶ್ರೀರಂಗಪಟ್ಟಣದ ಹತ್ತಿರ ರೈಲ್ವೆ ಗೇಟು ಕಾಯುತ್ತಿದ್ದವನು. ಅವನ ಕೈಯಲ್ಲಿದ್ದಂಥದೇ ಒಂದು ಕೈದೀಪ ಗುಜರಿಯ ರಾಶಿಯಲ್ಲಿ ಬಿದ್ದಿದ್ದನ್ನು ಕಂಡು ನನಗೆ ಹೊಟ್ಟೆ ಉರಿದುಹೋಯಿತು. ನನ್ನಂಥವರು ಇನ್ನೂ ಕೆಲವರಿದ್ದರು. ಪಾಂಡವಪುರದ ಹೊರಗೆ ಪಾಳುಬಿದ್ದಿದ್ದ ಒಂದು ಗೋದಾಮು ಹಿಡಿದು, ಸಿಕ್ಕಿದ್ದನ್ನೆಲ್ಲ ತಂದು ತುಂಬಿ, ಮ್ಯೂಸಿಯಂ ಎಂದು ಬೋರ್ಡು ಬರೆಸಿದೆವು. ಸಂಬಳವಿಲ್ಲ, ಸಾರಿಗೆಯಿಲ್ಲ. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೋಗಿ ತುಕ್ಕು ಉಜ್ಜುವುದು, ಬಣ್ಣ ಬಳಿಯುವುದು. ನನ್ನ ಹೆಂಡತಿ ಸಾವಿತ್ರಿ, ‘ಮನೇಲಿ ಒಂದು ಮೊಳೆ ಒಡೀರಿ ಅಂದ್ರೆ ಬೆನ್ನು ನೋವು, ಅಲ್ಲೋಗಿ ರೈಲು ತೊಳೀತಾರಂತೆ!’ ಎಂದು ಕೇರಿಗೆಲ್ಲ ಕೇಳಿಸುವ ಹಾಗೆ ಆಡಿಕೊಳ್ಳುತ್ತಿದ್ದಳು.

ಪುಟ್ಟಸ್ವಾಮಾಚಾರ್ರು ಕ್ಯಾತನಹಳ್ಳಿಯವರು. ಗಾಡಿ ಗಾಲಿ ಮಾಡುವ ಕೈ. ಸುತ್ತಮುತ್ತ ಕಬ್ಬು ಹೇರುವ ಗಾಡಿಗಳಲ್ಲಿ ಅರ್ಧಕ್ಕರ್ಧ ಅವರ ಗಾಲಿಯ ಮೇಲೇ ಓಡುತ್ತಿದ್ದವು. ಅವರೂ ಭಾನುವಾರ ತಪ್ಪದೆ ಬರುತ್ತಿದ್ದರು. ಬೋಗಿಗೆ ಬೆಂಚು, ಕಿಟಕಿಗೆ ಚೌಕಟ್ಟು — ಎಲ್ಲ ಅವರದ್ದೇ. ಕೆಲಸ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು, ‘ಊಂ, ಪರ್ವಾಗಿಲ್ಲ’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಬೇರೆಯವರ ಹೊಗಳಿಕೆ ಅವರಿಗೆ ಬೇಕಿರಲಿಲ್ಲ. ಆ ಒಂದು ‘ಪರ್ವಾಗಿಲ್ಲ’ ಸಾಕಾಗಿತ್ತು.

ಗುಜರಿಗೆ ಹೊರಟಿದ್ದ ಒಂದು ಚಿಕ್ಕ ಹಳಿಯ ಬೋಗಿಯನ್ನು ನಾವು ಕಾಡಿ ಬೇಡಿ ಲಾರಿಯಲ್ಲಿ ತಂದಿದ್ದೆವು. ಅದು ನಿಲ್ಲಲು ಗೋದಾಮಿನ ಮುಂದೆ ಮೊದಲೇ ಇದ್ದ ತುಂಡು ಹಳಿಯನ್ನು ಇನ್ನಷ್ಟು ಉದ್ದ ಮಾಡಿದೆವು. ಅಲ್ಲಿ ನೆಲ ಒಂಚೂರು ಇಳಿಜಾರು — ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಗಾಲಿಗೆ ಗೊತ್ತಾಗುತ್ತದೆ. ಬೋಗಿಯ ಬ್ರೇಕು ತುಕ್ಕು ಹಿಡಿದು ಸತ್ತಿತ್ತು. ಅದಕ್ಕೇ ಆಚಾರ್ರು ಕರಿಜಾಲಿ ಮರದಲ್ಲಿ ಬೆಣೆಗಳನ್ನು ಕೆತ್ತಿಕೊಟ್ಟಿದ್ದರು. ದಿಣ್ಣೆಯ ಮೇಲೆ ಎತ್ತಿನ ಗಾಡಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡುವುದಿಲ್ಲವೇ, ಹಾಗೆ. ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಬೋಗಿಯ ಅಡಿಗೆ ಹೋಗುವವನು ‘ಬೆಣೆ ಕೊಟ್ಯೇನ್ಲಾ?’ ಎಂದು ಕೂಗಿ ಕೇಳಬೇಕು. ಗಾಲಿಯ ಹತ್ತಿರ ಇರುವವನು ಬೆಣೆಯನ್ನು ಕೈಯಿಂದ ಮುಟ್ಟಿ, ಮುಟ್ಟಿದ ಮೇಲೆಯೇ ‘ಕೊಟ್ಟೆ’ ಎನ್ನಬೇಕು. ಮುಟ್ಟದೆ ಹೇಳಬಾರದು. ಅದೊಂದೇ ಕಟ್ಟುಪಾಡು.

ಆ ಭಾನುವಾರ ಆಚಾರ್ರು ಬಂದಿರಲಿಲ್ಲ. ಗಾಲಿಯೊಂದನ್ನು ಒಪ್ಪಿಸಲು ಕೆ.ಆರ್. ಪೇಟೆ ಕಡೆ ಹೋಗಿದ್ದರು. ಬೆಳಿಗ್ಗೆ ಬೋಗಿಯನ್ನು ಸ್ವಲ್ಪ ಸರಿಸಬೇಕಾಗಿ ಬಂದು, ಗಾಲಿಗೆ ಕೊಟ್ಟಿದ್ದ ಒಂದೇ ಬೆಣೆಯನ್ನು ನಾನೇ ತೆಗೆದೆ. ಸರಿಸಿದ್ದಾಯಿತು. ಬೋಗಿ ತಾನಾಗಿ ನಿಂತಿತು. ಬಿಸಿಲು. ಬೋಗಿಯ ನೆರಳಲ್ಲಿ ಬುತ್ತಿ ಬಿಚ್ಚಿದೆ. ಕೂರಲು ನೆಲ ಕಾದಿತ್ತು — ಬೆಣೆಯನ್ನು ಅಡಿಗೆ ಎಳೆದುಕೊಂಡು ಅದರ ಮೇಲೆ ಕೂತೆ. ಮಣೆಯ ಹಾಗೆ! ಬಾಯಲ್ಲಿ ಚಿತ್ರಾನ್ನ. ಆಗ ಬೋಗಿಯ ಆಚೆ ಬದಿಯಿಂದ ಕಿಟ್ಟಣ್ಣ ಕೂಗಿದ.

‘ಬೆಣೆ ಕೊಟ್ಯೇನ್ಲಾ ನಾಗಾ?’

‘ಕೊಟ್ಟೆ ಕಣಣ್ಣೋ!’

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ — ಇಲ್ಲ, ಇದನ್ನು ಹೇಳಬಾರದು, ಇದು ನೆಪವಾಗುತ್ತದೆ. ಬಾಯಿ ಹೇಳಿತು. ರೈಟ್ ಎಂದ ಹಾಗೆ. ಬೆಣೆ ನನ್ನ ಕುಂಡೆಯ ಕೆಳಗಿತ್ತು.

ಕಿಟ್ಟಣ್ಣ ಕಬ್ಬು ಬೆಳೆಯುವ ರೈತ, ನನಗಿಂತ ಎರಡು ಮೂರು ವರ್ಷ ದೊಡ್ಡವನು. ಗ್ರೀಸು ಹಚ್ಚಲು ಒಳಗೆ ತೂರಿದ. ಮೇಲೆ ಬೋಗಿಯೊಳಗೆ ಇಬ್ಬರು ಒಂದು ದಪ್ಪ ಹಲಗೆಯನ್ನು ದಡಕ್ಕನೆ ಇಳಿಸಿದರು. ಅಷ್ಟೇ. ಬೋಗಿ ಹೊರಟಿತು. ಸದ್ದೇ ಇಲ್ಲ — ನನ್ನ ಬೆನ್ನ ಹಿಂದಿದ್ದ ನೆರಳು ಮೆಲ್ಲಗೆ ಸರಿದು ಬಿಸಿಲು ಬಿತ್ತಲ್ಲ, ಆಗಲೇ ನನಗೆ ತಿಳಿದದ್ದು. ಆಮೇಲೆ ಕಿಟ್ಟಣ್ಣನ ಕೂಗು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಎಲ್ಲರೂ ಕಲ್ಲು, ಕಬ್ಬಿಣ ಸಿಕ್ಕಿದ್ದನ್ನು ಎಸೆದು ಬೋಗಿ ನಿಲ್ಲಿಸಿದರು. ಗಾಲಿ ಒಂದು ಸುತ್ತೂ ಪೂರ್ತಿ ತಿರುಗಿರಲಿಲ್ಲ. ಆದರೆ ಅವನ ಬಲಗಾಲು ಹಳಿಯ ಮೇಲಿತ್ತು.

ನಾನು ಎದ್ದಿದ್ದೆ. ಎದ್ದವನು ಮೊದಲು ಏನು ಮಾಡಿದೆ ಗೊತ್ತೇ? ಅವನ ಕಡೆ ಓಡಲಿಲ್ಲ. ಬೆಣೆಯನ್ನು ಕಾಲಿನಿಂದ ಹಳಿಯ ಪಕ್ಕಕ್ಕೆ ತಳ್ಳಿದೆ. ಆಮೇಲೆ ಓಡಿದೆ.

‘ಬೆಣೆ ಜಾರ್ಬುಟ್ಟೈತೆ ಕಣ್ರೋ!’ ಎಂದು ಯಾರೋ ಕೂಗಿದರು. ಎಲ್ಲರೂ ನನ್ನ ಮುಖ ನೋಡಿದರು.

‘ಊಂ. ಜಾರ್ತು’ ಎಂದೆ.

ಕಿಟ್ಟಣ್ಣನನ್ನು ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಹಿಂದೆ ಉಳಿದವನು ನಾನು. ಆಗ ಬೆಣೆಯನ್ನು ಎತ್ತಿ ನೋಡಿದೆ. ಹೊಸದರ ಹಾಗೆ ನುಣ್ಣಗಿತ್ತು. ಅಷ್ಟು ಭಾರದ ಗಾಲಿ ಅದರ ಮೇಲೆ ಹತ್ತಿ ಜಾರಿದ್ದರೆ ಕಬ್ಬಿಣ ಕಚ್ಚಿದ ಗುರುತು ಬೀಳಬೇಕಿತ್ತು; ಮರ ಗೊತ್ತಿಲ್ಲದವನೂ ನೋಡಿದರೆ ಹೇಳುತ್ತಿದ್ದ. ಗೋಣಿಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ.

ಸಂಜೆ ನಾನು ಮತ್ತೆ ಗೋದಾಮಿಗೆ ಬಂದಿದ್ದಾಗ ಆಚಾರ್ರು ಓಡಿ ಬಂದರು. ಮೊದಲು ಕಿಟ್ಟಣ್ಣನನ್ನು ವಿಚಾರಿಸಿದರು. ಆಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು: ‘ಆ ಬೆಣೆ ಎಲ್ಲೈತಪ್ಪಾ? ಒಂದ್ಸಲ ತೋರ್ಸು. ಎಲ್ಲಿ ತಪ್ದೆ ಅಂತ ನೋಡ್ಬೇಕು.’

‘ಪುಡಿ ಆಗೋಯ್ತು ಆಚಾರ್ರೇ. ಸಿಕ್ಲಿಲ್ಲ.’

ಇದು ಮೂರನೆಯ ಸುಳ್ಳು. ಮೊದಲನೆಯದಕ್ಕೆ ಬಾಯಿಯ ಚಟ, ಎರಡನೆಯದಕ್ಕೆ ಹೆದರಿಕೆ ಎನ್ನಬಹುದು. ಇದನ್ನು ಯೋಚಿಸಿಯೇ ಹೇಳಿದೆ.

ಅವರು ನನ್ನ ಮೇಲೆ ಅನುಮಾನ ಪಡಲಿಲ್ಲ — ಪಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ತಮ್ಮ ಕೈಯ ಮೇಲೆಯೇ ಅನುಮಾನ ಪಟ್ಟರು. ಉಳಿದ ಬೆಣೆಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಂಡು ಹೋದವರು ಮತ್ತೆ ಬರಲಿಲ್ಲ. ಗಾಲಿ ಮಾಡಿಸಲು ಬಂದವರಿಗೆ, ‘ನನ್ ಕೈ ಕೆಟ್ಟೋಗೈತೆ, ಬ್ಯಾರೆಯವ್ರ ತಾವ ಓಗಿ’ ಎಂದು ಹೇಳಿ ಕಳಿಸಿದರು. ಕೊನೆಗೆ ಗಾಲಿ ಮಾಡುತ್ತಿದ್ದ ಕೊಟ್ಟಿಗೆಗೆ ಬೀಗ ಹಾಕಿ, ನಾಗಮಂಗಲದ ಕಡೆಯ ದೇವಲಾಪುರದಲ್ಲಿದ್ದ ಮಗಳ ಮನೆ ಸೇರಿದರು. ಟ್ರಾಕ್ಟರು ಬಂದ ಮೇಲೆ ಗಾಲಿ ಯಾರಿಗೆ ಬೇಕು, ಹೇಗಿದ್ದರೂ ಬಿಡುತ್ತಿದ್ದರು ಎಂದು ಜನ ಅಂದರು. ನಾನೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆದರೆ ಅವರು ನನ್ನ ಬಸ್ಸು ಹತ್ತುತ್ತಿದ್ದರು. ಯಾವಾಗಲೋ ಒಮ್ಮೆ, ನಾಗಮಂಗಲದಲ್ಲಿ. ಟಿಕೆಟ್ ಹರಿದು ಕೊಡುವಾಗ ಕೈ ಹಿಡಿದು ಕೇಳುತ್ತಿದ್ದರು: ‘ಬೆಣೆ ಚೂರೇನಾದ್ರೂ ಸಿಕ್ತಾ ಕಂಡಕ್ಟ್ರೇ?’ ನಾನು ಇಲ್ಲ ಎಂದು ತಲೆಯಾಡಿಸಿ ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಇವತ್ತಿಗೂ ನಾಗಮಂಗಲದ ಸ್ಟ್ಯಾಂಡಿನಲ್ಲಿ ಅವರ ಹಾಗೆ ಬಿಳಿ ಟವೆಲ್ಲು ಹೊದ್ದ ಮುದುಕ ಯಾರೇ ಹತ್ತಿದರೂ ಮೊದಲು ಹಿಂದಿನ ಸೀಟಿಗೆ ನಡೆದುಬಿಡುತ್ತೇನೆ.

ಆಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಬಸ್ಸಿಳಿದು ಹಿಂದಿನ ಗಾಲಿ, ಬಾಗಿಲು, ಎಲ್ಲ ನೋಡದೆ ರೈಟ್ ಹೇಳಲಾರೆ. ‘ಏನ್ಲಾ ನಿಂದು! ಒಂದೊಂದು ಸ್ಟಾಪಿಗೂ ನಾಕ್ ಸಲ ಇಳೀತೀಯಾ, ಬಸ್ಸೇನು ಬಸುರಿ ಆಗೈತಾ?’ ಎಂದು ಡ್ರೈವರು ಉಗಿಯುತ್ತಾನೆ. ಮನೆಯಲ್ಲಿ ಸಾವಿತ್ರಿ ‘ಚಿಲಕ ಹಾಕುದ್ರಾ?’ ಎಂದರೆ, ಹಾಕಿದ್ದೇನೆಂದು ಗೊತ್ತಿದ್ದೂ ಎದ್ದು ಹೋಗಿ ಮುಟ್ಟಿ ಬರುತ್ತೇನೆ. ಮುಟ್ಟಿದ ಮೇಲೂ ‘ಹಾಕಿದೆ’ ಎನ್ನಲು ನಾಲಗೆ ಏಳುವುದಿಲ್ಲ.

ಬೆಣೆ ಅಟ್ಟದ ಮೇಲಿತ್ತು. ಒಂದು ದಿನ ಬಂದು ನೋಡುತ್ತೇನೆ — ಅಡುಗೆಮನೆಯ ಬಾಗಿಲ ಕೆಳಗಿದೆ! ‘ಒಳ್ಳೆ ಮರ ಕಣ್ರೀ, ಗಾಳಿಗೆ ಬಾಗ್ಲು ಬಡ್ಕೋತಿತ್ತು, ಈಗ ಅಲ್ಲಾಡಲ್ಲ’ ಎಂದಳು ಸಾವಿತ್ರಿ. ತೆಗೆ ಎನ್ನಲು ಕಾರಣ ಹೇಳಬೇಕಲ್ಲ. ಎಷ್ಟೋ ವರ್ಷ ಅದನ್ನು ದಾಟಿಕೊಂಡೇ ಊಟಕ್ಕೆ ಹೋದೆ. ಆಷಾಢದ ಗಾಳಿಗೂ ಅದು ಒಂದು ದಿನವೂ ಜಾರಲಿಲ್ಲ.

ಹೀಗೇ ಇದ್ದುಬಿಡುತ್ತಿದ್ದೆನೇನೋ. ಆದರೆ ಮ್ಯೂಸಿಯಂ ಬೆಳೆಯಿತು, ಇನ್ನೊಂದು ಬೋಗಿ ಬಂತು, ಶಾಲೆಯ ಮಕ್ಕಳು ಬರತೊಡಗಿದರು. ಹೋದ ತಿಂಗಳು ನಮ್ಮಲ್ಲೊಬ್ಬ ಮಕ್ಕಳನ್ನು ಬೋಗಿಯ ಮುಂದೆ ನಿಲ್ಲಿಸಿ, ಈಗಿನ ಕಬ್ಬಿಣದ ಬೆಣೆಯನ್ನು ತೋರಿಸಿ ಹೇಳುತ್ತಿದ್ದ: ‘ಮೊದ್ಲು ಇಲ್ಲಿ ಮರದ ಬೆಣೆ ಇತ್ತು. ಕ್ಯಾತನಹಳ್ಳಿ ಆಚಾರ್ರು ಒಬ್ರು ಸರಿಯಾಗಿ ಕೆತ್ತಿರ್ಲಿಲ್ಲ. ಅದು ಜಾರಿ ಈ ಅಣ್ಣನ ಕಾಲು ಓಯ್ತು.’ ಪಕ್ಕದಲ್ಲೇ ಊರುಗೋಲು ಹಿಡಿದು ನಿಂತಿದ್ದ ಕಿಟ್ಟಣ್ಣ ಹೌದೆಂದು ತಲೆಯಾಡಿಸಿದ. ಮಕ್ಕಳು ಆಚಾರ್ರ ಹೆಸರು ಕೇಳಿದರು. ತೋರಿಸುತ್ತಿದ್ದವನು ಹೇಳಿದ. ನನ್ನ ಸುಳ್ಳನ್ನು ತೊಳೆದು, ಬಣ್ಣ ಹಚ್ಚಿ, ಗಂಟೆ ದೀಪಗಳ ಜೊತೆ ನೋಡಲು ಇಟ್ಟಿದ್ದೆವು.

ಮಾರನೆಯ ದಿನ ರಜೆ ಹಾಕಿ, ಅಡುಗೆಮನೆಯ ಬಾಗಿಲಿಂದ ಬೆಣೆ ತೆಗೆದುಕೊಂಡು ದೇವಲಾಪುರಕ್ಕೆ ಹೋದೆ. ಆಚಾರ್ರು ಜಗಲಿಯ ಮೇಲೆ ಕೂತು ತೆಂಗಿನ ನಾರು ಹೊಸೆಯುತ್ತಿದ್ದರು. ಬೆಣೆಯನ್ನು ಮುಂದಿಟ್ಟೆ. ಕಂಡ ಕೂಡಲೇ ಗುರುತು ಹಿಡಿದರು. ತೊಡೆಯ ಮೇಲಿಟ್ಟುಕೊಂಡು ಅದರ ಇಳಿಜಾರು ಬದಿಯ ಮೇಲೆ ಹೆಬ್ಬೆರಳು ಆಡಿಸಿದರು — ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

‘ಇದ್ರ ಮ್ಯಾಲೆ ಗಾಲಿ ಅತ್ತೇ ಇಲ್ವಲ್ಲೋ.’

‘ಇಲ್ಲ ಆಚಾರ್ರೇ. ನಾನು ಕೊಟ್ಟೇ ಇರ್ಲಿಲ್ಲ. ಅದ್ರ ಮೇಲೆ ಕೂತಿದ್ದೆ.’

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

‘ಅಂಗಾರೆ ಈ ಕೈ ಕೆಟ್ಟಿರ್ಲಿಲ್ಲ’ ಎಂದರು. ಬೆಣೆಯ ಮೇಲೆ ಕೈಯಿಟ್ಟು, ‘ಇದ್ನ ಇಲ್ಲೇ ಬುಟ್ಟು, ನೀನು ಓಗು’ ಎಂದರು.

ಹೊರಟೆ. ಮೂಲೆ ತಿರುಗುವಾಗ ಹಿಂದಿರುಗಿ ನೋಡಿದರೆ ಬೆಣೆಯನ್ನು ಎದೆಗವಚಿಕೊಂಡು ಅಳುತ್ತಿದ್ದರು. ಆ ವರ್ಷಗಳನ್ನು ನಾನು ಯಾವ ಕೈಯಿಂದ ವಾಪಸು ಕೊಡಲಿ?

ಬರುವ ಭಾನುವಾರ ಮಕ್ಕಳು ಬರುತ್ತಾರೆ. ಕಿಟ್ಟಣ್ಣನೂ ಊರುಗೋಲು ಹಿಡಿದು ಬೋಗಿಯ ಪಕ್ಕದಲ್ಲಿ ನಿಂತಿರುತ್ತಾನೆ. ಅವನು ಕ್ಷಮಿಸಬೇಕೆಂದು ನಾನು ಕೇಳುವುದಿಲ್ಲ. ಅವನು ಅಂದು ಕೂಗಿ ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಅಷ್ಟೇ. ಎಲ್ಲರ ಮುಂದೆ ಗಾಲಿಯನ್ನು ಮುಟ್ಟಿ ಹೇಳುತ್ತೇನೆ — ಇಲ್ಲ ಕಣಣ್ಣಾ. ಕೊಟ್ಟಿಲ್ಲ.