ಹರಳಿನ ಸುದ್ದಿ ಹೊತ್ತು ಫೋಂಡಾಕ್ಕೆ

ಧಾರವಾಡದಿಂದ ಬೆಳಿಗ್ಗೆ ಹೊರಟ ಬಸ್ಸು ಗೋವಾ ಗಡಿಯ ಮೊಲೆಂ ಚೆಕ್‌ಪೋಸ್ಟಿನ ಹತ್ತಿರ ಲಾರಿಗಳ ಸಾಲಿನ ಹಿಂದೆ ನಿಂತುಬಿಟ್ಟಿತು. ವಿಪರೀತ ಸೆಕೆ. ಹಿಂದಿನ ವಾರವಷ್ಟೇ ನಾನು ವಿದೇಶದ ನ್ಯೂಟ್ರಾನ್ ಪ್ರಯೋಗ ಕೇಂದ್ರವೊಂದರಿಂದ ಮರಳಿದ್ದೆ. ನಿದ್ದೆ ಇನ್ನೂ ಹದಕ್ಕೆ ಬಂದಿರಲಿಲ್ಲ.

ಪಕ್ಕದಲ್ಲಿ ಫೋಂಡಾ ಹತ್ತಿರದ ಕುಂಡಯಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನೀಲವ್ವ ಕೂತಿದ್ದರು. ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗೂ ಇಟ್ಟು, "ನಿಮ್ದೇನ್ ಕೆಲಸಾರಿ?" ಎಂದರು.

"ಒಂದು ನಮೂನಿ ಹರಳು ಇರ್ತಾವ್ರಿ. ತಣ್ಣಗ ಮಾಡಿದ್ರ ಕರೆಂಟು ಒಂಚೂರೂ ಸೋರದಂಗ ಹರಿತೈತಿ. ಅದರೊಳಗ ಸೂಜಿಗಲ್ಲಿನ ಗುಣ ಅಡಗೇತೇನು ಅಂತ ಹುಡುಕ್ತೇವಿ. ನ್ಯೂಟ್ರಾನ್ ಅನ್ನೋ ಸಣ್ಣ ಕಣ ಹಾಯಿಸಿ, ಅವು ಹೆಂಗ ಚದುರ್ತಾವ ನೋಡ್ತೇವಿ."

"ಸಿಕ್ತೇನ್ರಿ?"

"ಸಿಕ್ಕೈತಿ ಅಂತ ತಿಳ್ಕೊಂಡಿದ್ವಿ."

ಅವರು ಇನ್ನೊಂದು ರೊಟ್ಟಿ ಮುಂದಿಟ್ಟರು.

ಫೋಂಡಾದಲ್ಲಿ ಮುಜಾವರ ಸರ್ ಕಾಯುತ್ತಿದ್ದರು. ವಿಜಯಪುರದವರು, ಗೋವಾದ ಪ್ರಯೋಗಾಲಯದಲ್ಲೇ ವರ್ಷಗಟ್ಟಲೆ ಈ ಅತಿವಾಹಕ ಹರಳುಗಳನ್ನು ಬೆಳೆಸಿದವರು, ನನಗೂ ಕಲಿಸಿದವರು. ಆ ತಿಂಗಳೇ ಅವರ ನಿವೃತ್ತಿ. ನಮಗೆ ಸಿಕ್ಕ ಕಾಂತಗುಣದ ಸುಳಿವನ್ನು ಮರುದಿನದ ವಿಜ್ಞಾನಿಗಳ ಸಭೆಯಲ್ಲಿ ಅವರೇ ಪ್ರಕಟಿಸುವವರಿದ್ದರು. ಅದು ಸುಳ್ಳಾಯಿತೆಂದು ಫೋನಿನಲ್ಲಿ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

"ಬಾರವಾ ಸುನಂದಾ, ಭಾಳ ದಣದಿ," ಎಂದರು.

ಮನೆಯಲ್ಲಿ ಚಹಾ ಮುಂದಿಟ್ಟಾಗ ಹೇಳಿದೆ. "ಸರ್, ಆ ಸುಳಿವು ಹರಳಿಂದಲ್ರಿ. ಹರಳಿನ ಡಬ್ಬಿಯೊಳಗ ಗಾಳಿ ಉಳಿದಿತ್ತು. ಅದರ ಆಮ್ಲಜನಕ ಚಳಿಗೆ ಹೆಪ್ಪುಗಟ್ಟಿತ್ತು. ಅದಕ್ಕೂ ಕಾಂತಗುಣ ಇರ್ತೈತಲ್ರಿ. ಈ ಸಲ ಗಾಳಿ ಪೂರ್ತಿ ತಗದು ಅಳದ್ವಿ. ಏನೂ ಕಾಣಲಿಲ್ಲ."

ಚಹಾ ಆರಿತು. ಅವರು ಲೋಟವನ್ನು ಬದಿಗೆ ಸರಿಸಿದರು. "ನಾಳೆ ನೀ ಮಾತಾಡಬ್ಯಾಡ. ನಾನ ಹೇಳ್ತೇನಿ."

ಮರುದಿನ ಅವರು ವೇದಿಕೆಯ ಮೇಲೆ ನಿಂತು, ನಾವು ಕಂಡದ್ದು ಗಾಳಿಯನ್ನು ಎಂದು ನಾಲ್ಕೇ ಮಾತಿನಲ್ಲಿ ಹೇಳಿ ಇಳಿದರು. ಮಧ್ಯಾಹ್ನದ ಮೀನೂಟ ಇಬ್ಬರಿಗೂ ಸೇರಲಿಲ್ಲ.

ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಅವರು ಕೇಳಿದ್ದು ಒಂದೇ. "ಹರಳು ಚಲೋ ಇತ್ತೇನವಾ?"

"ಅಷ್ಟು ಸ್ವಚ್ಛ ಹರಳು ಆ ನ್ಯೂಟ್ರಾನ್ ಕೇಂದ್ರದವರೂ ನೋಡೇ ಇರಲಿಲ್ರಿ."

"ಹಂಗಾರ ಅದರೊಳಗ ಕಾಂತಗುಣ ಇಲ್ಲ ಅಂತ ನಾವು ಅಂದದ್ದನ್ನ ಮಂದಿ ನಂಬಬಹುದು," ಎಂದರು.

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ನಿಲ್ದಾಣದ ಕಟ್ಟೆಯ ಮೇಲೆ ಅವರು ಹಾಗೇ ಕೂತಿದ್ದರು, ಮನೆಗೆ ಹೋಗುವ ಅವಸರವಿಲ್ಲದವರಂತೆ.